ಸೊನ್ನಲಿಗೆಯ ಕಲ್ಲು, ಕಿಸೆಯ ಯಂತ್ರ

ವಿಜಯಪುರದಿಂದ ಸೋಲಾಪುರಕ್ಕೆ ನೂರು ಕಿಲೋಮೀಟರಿನಷ್ಟು ದಾರಿ. ಝಳಕಿ ದಾಟಿ ಭೀಮೆಯ ಸೇತುವೆ ಹತ್ತಿ ಇಳಿದರೆ ಮಹಾರಾಷ್ಟ್ರ. ಬೋರ್ಡುಗಳು ಮರಾಠಿಗೆ ಹೊರಳುತ್ತವೆ. ಹೊಲದಲ್ಲಿ ಮಾತ್ರ ಅದೇ ಎರೆಮಣ್ಣು, ಅದೇ ಬಿಳಿಜೋಳ, ಬದುವಿನ ಮೇಲೆ ಅದೇ ಜಾಲಿ. ನನ್ನ ಮುಂದಿನ ಸೀಟಿನ ಅಜ್ಜಿ ಕಂಡಕ್ಟರನ ಜೊತೆ ಚಿಲ್ಲರೆ ಜಗಳವನ್ನು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದಳು. ನಡುವೆ ಭಾಷೆ ಬದಲಾದದ್ದು ಇಬ್ಬರ ಗಮನಕ್ಕೂ ಬಂದಂತೆ ಕಾಣಲಿಲ್ಲ.

ನಾನು ಹೊರಟದ್ದು ಒಂದು ಕುತೂಹಲಕ್ಕೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ನೇಕಾರರ ಪೇಟೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಪ್ರಬಂಧ ಬರೆಯುವಾಗ ಇಂಗ್ಲಿಷು. ಹೀಗೆ ಬದುಕುವ ಊರಿನ ಕಾಲೇಜು ಹುಡುಗರು ಕೃತಕ ಬುದ್ಧಿಮತ್ತೆಯನ್ನು ಹೇಗೆ ಬಳಸುತ್ತಿರಬಹುದು? ಬೆಂಗಳೂರಿನ ವಿಚಾರ ಸಂಕಿರಣಗಳಲ್ಲಿ ಇದನ್ನು ಸಾಕಷ್ಟು ಕೇಳಿ ಬೇಸತ್ತಿದ್ದೆ. ಅಲ್ಲಿ ಎಲ್ಲರಿಗೂ ಒಂದೋ ಭಯ, ಇಲ್ಲವೇ ಭಕ್ತಿ. ಗಡಿಯ ಮಂದಿಗೆ ಎರಡಕ್ಕೂ ಪುರಸೊತ್ತು ಕಡಿಮೆ ಎಂಬುದು ನನ್ನ ಅನುಭವ.

ಸೋಲಾಪುರದಲ್ಲಿ ಮೊದಲು ನೋಡಬೇಕಾದದ್ದು ಕೆರೆ. ನಾಲ್ಕೂ ಕಡೆ ನೀರು, ನಡುವೆ ಸಿದ್ಧೇಶ್ವರನ ಗುಡಿ, ಪಕ್ಕದಲ್ಲಿ ಭುಯಿಕೋಟೆಯ ಕಪ್ಪು ಗೋಡೆ. ಹನ್ನೆರಡನೆಯ ಶತಮಾನದಲ್ಲಿ ಇದು ಸೊನ್ನಲಿಗೆ. ದನ ಕಾಯುತ್ತಿದ್ದ ಸಿದ್ಧರಾಮನೆಂಬ ಹುಡುಗ ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋಗಿ, ತಿರುಗಿ ಬಂದು ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ವಚನ ಬರೆದ. ಅವನ ಕಥೆಯನ್ನು ರಾಘವಾಂಕ ‘ಸಿದ್ಧರಾಮ ಚಾರಿತ್ರ’ ಎಂದು ಕಾವ್ಯ ಮಾಡಿದ. ಇದೇ ಊರಿನ ಜಯದೇವಿತಾಯಿ ಲಿಗಾಡೆ ಇಪ್ಪತ್ತನೆಯ ಶತಮಾನದಲ್ಲಿ ಅದನ್ನೇ ಮತ್ತೆ ಮಹಾಕಾವ್ಯವಾಗಿ ಹಾಡಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದವರು ಕರ್ನಾಟಕದ ಹೊರಗಿನ ಈ ಊರಿನವರು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿಡುತ್ತಾರೋ. ಸಂಕ್ರಾಂತಿಗೆ ಇಲ್ಲಿ ಗಡ್ಡಾ ಜಾತ್ರೆ. ಏಳು ನಂದಿಧ್ವಜಗಳು ಹೊರಟರೆ ಇಡೀ ಊರು ಬಿಳಿ ಬಟ್ಟೆ ಉಟ್ಟು ಬೀದಿಗಿಳಿಯುತ್ತದೆ.

ಕೆರೆಯ ಕಟ್ಟೆಯ ಮೇಲೆ ನನಗಾಗಿ ಕಾದಿದ್ದವನು ಅಕ್ಕಲಕೋಟೆ ತಾಲ್ಲೂಕಿನ ಒಬ್ಬ ಸಂಶೋಧನಾ ವಿದ್ಯಾರ್ಥಿ. ಏಳನೆಯ ಇಯತ್ತೆ ತನಕ ಕನ್ನಡ ಶಾಲೆ, ಆಮೇಲೆಲ್ಲ ಮರಾಠಿ. ಅಪ್ಪನಿಗೆ ಸಹಿ ಬರುತ್ತದೆ, ಅವ್ವನಿಗೆ ಅದೂ ಇಲ್ಲ. ‘ಸರ್, ಒಂದ್ ಮಜಾ ತೋರಸ್ತೀನಿ’ ಎಂದು ಮೊಬೈಲ್ ತೆಗೆದ. ಸಿದ್ಧರಾಮ ಕೆರೆ ಕಟ್ಟಿಸಿದ್ದರ ಬಗ್ಗೆ ಬರೆದ ವಚನ ಕೊಡು ಎಂದು ಅದರೊಳಗಿನ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕನ್ನಡದಲ್ಲೇ ಕೇಳಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರು ಸಾಲು ಬಂದವು. ಕೊನೆಯಲ್ಲಿ ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತ. ಅದರ ಕೆಳಗೆ ಸಂಪುಟದ ಹೆಸರು, ವಚನದ ಸಂಖ್ಯೆ. ಓಟ ಚೆನ್ನಾಗಿತ್ತು, ಭಾವವೂ ಹೌದೆನ್ನಿಸುವಂತಿತ್ತು. ನಾನು ನಿಜಕ್ಕೂ ಬೆರಗಾದೆ. ಲೋಹ, ಮರಳು, ಕರೆಂಟು ಸೇರಿ ಎಂಟು ನೂರು ವರ್ಷದ ಹಿಂದಿನ ಯೋಗಿಯ ದನಿ ತೆಗೆಯುತ್ತಿತ್ತು.

ಅವನು ಚೀಲದಿಂದ ಸಮಗ್ರ ವಚನ ಸಂಪುಟದ ಸಿದ್ಧರಾಮನ ಭಾಗ ಹೊರತೆಗೆದ. 1993ರಲ್ಲಿ ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳಲ್ಲಿ ತಂದ ಆ ಮಾಲೆ. ಯಂತ್ರ ಹೇಳಿದ ಸಂಖ್ಯೆಯಲ್ಲಿ ಬೇರೆಯೇ ವಚನವಿತ್ತು. ಮೊದಲ ಸಾಲಿನ ಅಕಾರಾದಿಯಲ್ಲಿ ಹುಡುಕಿದ, ಇಲ್ಲ. ಸಿದ್ಧರಾಮ ಹಾಗೊಂದು ವಚನ ಬರೆದೇ ಇರಲಿಲ್ಲ.

ಇದು ಮೋಸವೆಂದು ಕೂಗುವುದು ಸುಲಭ. ಯಂತ್ರಕ್ಕೆ ಮೋಸದ ಉದ್ದೇಶವಿಲ್ಲ. ಒಂದು ಪದದ ಬೆನ್ನಿಗೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುವುದು ಅದರ ಕಸುಬು. ಅಂಕಿತ ಅದಕ್ಕೆ ವಚನದ ಕೊನೆಯಲ್ಲಿ ಬರುವ ಅಕ್ಷರಗುಚ್ಛ. ಬರೆದವನಿಗೆ ಅದು ಜವಾಬ್ದಾರಿ: ಈ ಮಾತಿಗೆ ನಾನು ಹೊಣೆ, ನನ್ನ ದೇವರ ಮೇಲಾಣೆ ಎಂಬ ಒಪ್ಪಿಗೆ. ಕನ್ನಡಿಗರು ಇದನ್ನು ಹಗುರವಾಗಿ ತೆಗೆದುಕೊಂಡವರೂ ಅಲ್ಲ. ಬಸವಣ್ಣನ ಅಂಕಿತವನ್ನು ಬದಲಿಸಿ ಮುದ್ರಿಸಿದ ಪುಸ್ತಕವೊಂದನ್ನು 1998ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಆ ಆದೇಶವೇ ನಿಂತಿತು. ಒಂದು ಅಂಕಿತಕ್ಕೆ ಇಷ್ಟು ವರ್ಷ ಕಾದಾಡಿದ ನಾವು, ದಿನಕ್ಕೆಷ್ಟು ಬೇಕಾದರೂ ಸುಳ್ಳು ವಚನ ಉದುರಿಸಬಲ್ಲ ಸಾಧನವನ್ನು ಎಂ.ಎ. ತರಗತಿಯೊಳಗೆ ಬಿಟ್ಟುಕೊಂಡು ಸುಮ್ಮನಿದ್ದೇವೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಮನೆಮನೆ ಅಲೆದು ತಾಡವೋಲೆ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಇನ್ನೊಂದು ತಲೆಮಾರಿನ ಸಂಶೋಧಕರಿಗೆ ಯಾವುದು ಓಲೆಯಿಂದ ಬಂದದ್ದು, ಯಾವುದು ಯಂತ್ರದಿಂದ ಬಂದದ್ದು ಎಂದು ಬೇರ್ಪಡಿಸುವುದೇ ಕೆಲಸವಾದರೆ ಆಶ್ಚರ್ಯವಿಲ್ಲ.

‘ನೀ ಏನ್ ಮಾಡ್ತಿ ಮತ್ತ, ಇದನ್ನ ಬಿಟ್ಟುಬಿಟ್ಟೀಯೋ?’ ಎಂದು ಕೇಳಿದೆ. ‘ಯಾಕ್ರೀ ಬಿಡೂದು? ಇಂಗ್ಲಿಷ್ ಲೇಖನ ತಿಳೀಲಿಕ್ಕೆ ಇದರಷ್ಟು ಚಲೋ ಮಾಸ್ತರ ನನಗ ಸಿಕ್ಕಿಲ್ಲ. ಆದ್ರ ಸಾಕ್ಷಿ ಹೇಳಾಕ ಕರೆಯೂದಿಲ್ಲ’ ಎಂದ.

ಮರುದಿನ ಅವನ ಬೈಕಿನ ಹಿಂದೆ ಕೂತು ಹತ್ತರಸಂಗ ಕೂಡಲಕ್ಕೆ ಹೋದೆ. ದಕ್ಷಿಣ ಸೋಲಾಪುರ ತಾಲ್ಲೂಕಿನಲ್ಲಿ ಸೀನಾ ನದಿ ಭೀಮೆಗೆ ಸೇರುವ ಜಾಗ. ಸಂಗಮೇಶ್ವರ, ಹರಿಹರೇಶ್ವರ ಎಂಬ ಎರಡು ಹಳೆಯ ಗುಡಿ. ಹರಿಹರೇಶ್ವರದ ಬಳಿ ಮಣ್ಣಿನಿಂದ ಎದ್ದುಬಂದ ಒಂದು ಲಿಂಗವಿದೆ, ಮೈತುಂಬ ಮುಖಗಳು. 359 ಮುಖ ಎಂದು ಎಣಿಸಿದ್ದಾರೆ. ನಾನು ಎಣಿಸಲು ಹೋಗಲಿಲ್ಲ. ಒಂದು ಸಾಲು ಮುಗಿಯುವುದರೊಳಗೆ ಯಾವ ಮುಖ ಎಣಿಸಿದೆ, ಯಾವುದು ನನ್ನನ್ನು ಎಣಿಸುತ್ತಿದೆ ಎಂಬುದೇ ತಪ್ಪಿಹೋಗುತ್ತದೆ. ಹಂಪಿ, ಬೇಲೂರು ನೋಡಿದವನಿಗೂ ಇಂಥದು ಹೊಸದು. ನದಿಯ ಕಡೆಯಿಂದ ಗಾಳಿ, ಕಬ್ಬಿನ ಗದ್ದೆಯಲ್ಲಿ ಕೊಕ್ಕರೆ, ಜನವಿಲ್ಲ.

ಆದರೆ ಅವನು ನನ್ನನ್ನು ಕರೆತಂದದ್ದು ಸಂಗಮೇಶ್ವರ ಗುಡಿಯ ಒಂದು ತೊಲೆಗಾಗಿ. ಅದರ ಮೇಲೊಂದು ಶಾಸನ. ಶಕ 940, ಅಂದರೆ 1018ನೆಯ ಇಸವಿ. ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಇದೊಂದು. ಅದರ ಕೊನೆಯಲ್ಲಿರುವ ಹಾರೈಕೆ ನನ್ನನ್ನು ನಿಂತಲ್ಲೇ ನಿಲ್ಲಿಸಿತು: ಇದನ್ನು ಓದಿದವನಿಗೆ ಗೆಲುವಾಗಲಿ ಎಂಬ ಅರ್ಥದ ಮಾತು. ದಾನ ಕೊಟ್ಟವನಿಗಲ್ಲ, ಆಳಿದವನಿಗಲ್ಲ, ಓದಿದವನಿಗೆ! ಸಾವಿರ ವರ್ಷದ ಹಿಂದೆ ಕಲ್ಲು ಕೆತ್ತಿದವನು ಮುಂದೆ ಬರುವ ಓದುಗನನ್ನು ಹೀಗೆ ನೆನೆದಿದ್ದಾನೆ. ಮರಾಠಿಯ ಮೊದಲ ಸಾಲೆಂದು ಬಹುಕಾಲ ಹೇಳುತ್ತ ಬಂದದ್ದು ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇದೆ. ಇತ್ತ ಸೋಲಾಪುರ ಜಿಲ್ಲೆಯ ಊರೂರಿನಲ್ಲಿ ಕನ್ನಡ ಶಾಸನಗಳಿವೆ. ಕಲ್ಲುಗಳಿಗೆ 1956ರ ರಾಜ್ಯ ಪುನರ್ವಿಂಗಡಣೆಯ ಸುದ್ದಿ ಮುಟ್ಟಿಲ್ಲ.

ಈ ಜಿಲ್ಲೆಯ ಶಾಸನಗಳನ್ನು ಓದಿ ಲೋಕಕ್ಕೆ ತೋರಿಸಿದವರಲ್ಲಿ ಮುಖ್ಯರು ಇಬ್ಬರು. ಸೋಲಾಪುರದ ಆನಂದ ಕುಂಭಾರ, ಧಾರವಾಡದ ಶ್ರೀನಿವಾಸ ರಿತ್ತಿ. ಕೂಡಲದ ಈ ಸಾಲನ್ನು ಬೆಳಕಿಗೆ ತಂದವರು ಕುಂಭಾರ. ಇಬ್ಬರೂ ಸೇರಿ 1988ರಲ್ಲಿ ಸೋಲಾಪುರ ಜಿಲ್ಲೆಯ ಶಾಸನಗಳ ಪುಸ್ತಕ ಹೊರತಂದರು. ಒಬ್ಬರು ಗಡಿಯ ಆಚೆ, ಇನ್ನೊಬ್ಬರು ಈಚೆ. ಶಾಸನದ ಪಡಿಯಚ್ಚು ತೆಗೆಯುವುದನ್ನು ಕಂಡವರಿಗೆ ಆ ಕಷ್ಟ ಗೊತ್ತು: ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಹಳ್ಳಕ್ಕೆ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಬೇಕು. ಗಾಳಿ ಬೀಸಿದರೆ ಕಾಗದ ಹರಿಯಿತು, ಬಿಸಿಲು ಹೆಚ್ಚಿದರೆ ಬಿರಿಯಿತು. ಅದಾದ ಮೇಲೆ ಓದು ಶುರು.

ಹುಡುಗ ತೊಲೆಯ ಫೋಟೋ ತೆಗೆದು ಯಂತ್ರಕ್ಕೆ ಹಾಕಿದ. ಅದು ಒಂದು ಕ್ಷಣವೂ ತಡವರಿಸದೆ ಇದೊಂದು ಭೂದಾನದ ಶಾಸನ ಎಂದಿತು; ರಾಜನೊಬ್ಬನ ಹೆಸರು, ಗದ್ದೆಯ ಅಳತೆ, ಸಾಕ್ಷಿಗಳ ಪಟ್ಟಿ ಕೊಟ್ಟಿತು. ಯಾವುದೂ ಕಲ್ಲಿನ ಮೇಲಿರಲಿಲ್ಲ. ನನ್ನನ್ನು ಕಾಡಿದ್ದು ತಪ್ಪಿಗಿಂತ ಅದರ ಧೈರ್ಯ. ರಿತ್ತಿಯವರ ಪೀಳಿಗೆಯ ಶಾಸನತಜ್ಞರು ಅಳಿಸಿದ ಅಕ್ಷರಕ್ಕೆ ಚುಕ್ಕೆ ಇಡುತ್ತಿದ್ದರು, ಊಹೆಯನ್ನು ಕಂಸದಲ್ಲಿ ಹಾಕುತ್ತಿದ್ದರು. ಸಂಶೋಧನೆಯ ಮಾನ ಇರುವುದು ಆ ಚುಕ್ಕೆಗಳಲ್ಲಿ. ಯಂತ್ರಕ್ಕೆ ಚುಕ್ಕೆ ಇಡಲು ನಾವಿನ್ನೂ ಸರಿಯಾಗಿ ಕಲಿಸಿಲ್ಲ.

ಹಾಗೆಂದು ಯಂತ್ರವನ್ನು ಭೀಮೆಗೆ ಎಸೆದು ಬರಬೇಕಿಲ್ಲ. 2022ರಲ್ಲಿ ಡೀಪ್‌ಮೈಂಡ್ ಮತ್ತು ಯುರೋಪಿನ ಇತಿಹಾಸಕಾರರು ಸೇರಿ ‘ಇಥಾಕಾ’ ಎಂಬ ಸಾಧನವನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುರಿದ ಗ್ರೀಕ್ ಶಾಸನಗಳಲ್ಲಿ ಬಿಟ್ಟುಹೋದ ಅಕ್ಷರ ತುಂಬುವುದು ಅದರ ಕೆಲಸ. ಇತಿಹಾಸಕಾರರು ತಾವೇ ತುಂಬಿದಾಗ ಶೇ. 25ರಷ್ಟು ಸರಿ. ಯಂತ್ರ ಒಂಟಿಯಾಗಿ ಶೇ. 62. ಯಂತ್ರದ ಸಲಹೆಗಳನ್ನು ಇತಿಹಾಸಕಾರರು ತೂಗಿ ನೋಡಿ ಆರಿಸಿದಾಗ ಶೇ. 72. ಈ ಕೊನೆಯ ಅಂಕಿಯನ್ನು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ. 2023ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಇದ್ದಿಲಾಗಿದ್ದ ಸುರುಳಿಯೊಂದನ್ನು ಬಿಚ್ಚದೆಯೇ, ಸ್ಕ್ಯಾನ್ ಚಿತ್ರಗಳಿಂದ, ಅಮೆರಿಕದ ಒಬ್ಬ ವಿದ್ಯಾರ್ಥಿ ಒಂದು ಪದ ಓದಿದ: ನೇರಳೆ ಬಣ್ಣಕ್ಕೆ ಗ್ರೀಕರು ಬಳಸುತ್ತಿದ್ದ ಪದ. ಎರಡು ಸಾವಿರ ವರ್ಷ ಯಾರೂ ಕಾಣದ ಪದ! ನಮ್ಮಲ್ಲೂ ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ವರ್ಷಗಳಿಂದ ನಡೆಸುತ್ತಿದೆ. ಕಣ್ಣಿಗೆ ಸವೆದಂತೆ ಕಾಣುವ ಅಕ್ಷರ ಅಲ್ಲಿ ಎದ್ದು ನಿಲ್ಲುತ್ತದೆ.

ಇಥಾಕಾಕ್ಕೆ ಗ್ರೀಕ್ ಶಾಸನ ಬಂದದ್ದು ಹೇಗೆ? ವಿದ್ವಾಂಸರು ದಶಕಗಳ ಕಾಲ ಓದಿ, ತಿದ್ದಿ, ಒಂದೆಡೆ ಕೂಡಿಟ್ಟ ಹತ್ತಾರು ಸಾವಿರ ಪಾಠಗಳನ್ನು ಅದಕ್ಕೆ ಉಣಿಸಿದ್ದರಿಂದ. ನಮ್ಮಲ್ಲಿ ಶಾಸನಗಳನ್ನು ಹಾಗೆ ಕೂಡಿಸಿದ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಡಿದ್ದು ಮೈಸೂರು ಸಂಸ್ಥಾನಕ್ಕೆ, ಕೊಡಗಿಗೆ. ಸೊನ್ನಲಿಗೆ, ಅಕ್ಕಲಕೋಟೆ, ಮಂಗಳವೇಢೆ ಅದರ ಹೊರಗೆ ಉಳಿದವು. ಬಿಜ್ಜಳನ ಕಾಲದಲ್ಲಿ ಬಸವಣ್ಣ ಕರಣಿಕನಾಗಿ ಲೆಕ್ಕ ಬರೆದ ಮಂಗಳವಾಡ ಇದೇ ಜಿಲ್ಲೆಯ ಮಂಗಳವೇಢೆ ಎಂಬುದು ಎಷ್ಟೋ ಕನ್ನಡ ಅಧ್ಯಾಪಕರಿಗೇ ಹೊಸ ಸುದ್ದಿ. ನಾವೇ ಓದದ್ದನ್ನು ಯಂತ್ರ ಎಲ್ಲಿಂದ ಓದೀತು?

ಮಧ್ಯಾಹ್ನ ಹೊಲದ ಬದಿಯಲ್ಲಿ ಬುತ್ತಿ. ಕಟಕ ರೊಟ್ಟಿ, ಸೋಲಾಪುರದ ಶೇಂಗಾ ಚಟ್ನಿ, ಮೊಸರು.

ಪುಣೆ ಹೆದ್ದಾರಿಯ ಕೇಗಾಂವದಲ್ಲಿ ಸೋಲಾಪುರ ವಿಶ್ವವಿದ್ಯಾಲಯ. 2004ರಲ್ಲಿ ಒಂದೇ ಜಿಲ್ಲೆಗೆಂದು ಹುಟ್ಟಿದ್ದು, 2019ರಿಂದ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರರ ಹೆಸರು. ಅಲ್ಲಿ, ಮತ್ತೆ ಊರಿನ ಕಾಲೇಜುಗಳ ಕಟ್ಟೆಗಳಲ್ಲಿ, ಕೆಲವು ಅಧ್ಯಾಪಕರ ಜೊತೆ ಮಾತಾಡಿದೆ. ಎಲ್ಲರ ಬಾಯಲ್ಲೂ ಶೇಕಡಾವಾರು. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಆದರೆ ಯಂತ್ರ ಬರೆದದ್ದು ಸಾಮಾನ್ಯವಾಗಿ ಯಾರ ನಕಲೂ ಆಗಿರುವುದಿಲ್ಲ. ಈ ಜರಡಿಯಲ್ಲಿ ಸಲೀಸಾಗಿ ಇಳಿದುಹೋಗುತ್ತದೆ. ಹಾಗಾದರೆ ಯಂತ್ರದ ಬರಹ ಪತ್ತೆ ಮಾಡುವ ಇನ್ನೊಂದು ಯಂತ್ರ? ಅದರ ಕಥೆ ಇನ್ನೂ ಕೆಟ್ಟದ್ದು. ಸ್ಟ್ಯಾನ್‌ಫರ್ಡಿನ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಕೈಯಾರೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆದಾರಿ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇ. 61ರಷ್ಟನ್ನು ಯಂತ್ರದ ಬರಹವೆಂದು ಅವು ಸಾರಿದವು. ಸರಳ ಪದ, ಸರಳ ವಾಕ್ಯ ಬರೆದದ್ದೇ ಅಪರಾಧ. ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಅದೇ ವರ್ಷ ಜುಲೈಯಲ್ಲಿ ಹಿಂತೆಗೆದುಕೊಂಡಿತು. ನಾಲ್ಕನೆಯ ಭಾಷೆಯಾಗಿ ಇಂಗ್ಲಿಷ್ ಬರೆಯುವ ಇದೇ ಜಿಲ್ಲೆಯ ದುಧನಿಯ ಹುಡುಗಿಯೊಬ್ಬಳ ಪ್ರಬಂಧವನ್ನು ಇಂಥ ಸಾಧನದ ಮಾತು ಕೇಳಿ ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ಯಂತ್ರದಿಂದ ಬರೆಸಿದ್ದಕ್ಕಿಂತ ದೊಡ್ಡ ಬೇಜವಾಬ್ದಾರಿ.

ಒಬ್ಬ ಹಿರಿಯ ಅಧ್ಯಾಪಕಿಯ ದಾರಿ ನನಗೆ ಹಿಡಿಸಿತು. ಅವರು ಯಂತ್ರ ಬಳಸಬೇಡಿ ಎನ್ನುವುದಿಲ್ಲ. ಪ್ರಬಂಧದ ಜೊತೆ ಒಂದು ಪುಟ ಬೇರೆ ಬರೆಸುತ್ತಾರೆ: ಯಂತ್ರಕ್ಕೆ ಏನು ಕೇಳಿದೆ, ಅದೇನು ಹೇಳಿತು, ನಾನು ಯಾವುದನ್ನು ಎಲ್ಲಿ ಹೋಗಿ ಪರೀಕ್ಷಿಸಿದೆ, ಯಾವುದನ್ನು ಬಿಟ್ಟೆ. ಆಮೇಲೆ ಎದುರು ಕೂರಿಸಿಕೊಂಡು ಪ್ರಶ್ನೆ. ‘ಅಲ್ಲಮ ಇದೇ ಊರಿಗೆ ಬಂದು ಸಿದ್ಧರಾಮಗ ಮಾಡಿದ್ದೂ ವೈವಾನೇ ಅಲ್ಲೇನ್ರೀ?’ ಎಂದು ನಕ್ಕರು. ಶೂನ್ಯಸಂಪಾದನೆಯ ಪ್ರಸಂಗ ಅದು. ಕೆರೆಯ ಕೆಲಸ ನಡೆದಿದ್ದಾಗ ಅಲ್ಲಮ ಬಂದು ಸಿದ್ಧರಾಮನನ್ನು ಒಡ್ಡನೆಂದು ಕರೆಯುತ್ತಾನೆ, ಆಳುಗಳು ಕಲ್ಲು ಬೀರುತ್ತಾರೆ, ಕೊನೆಗೆ ಮಾತಿಗೆ ಮಾತು. ಅಷ್ಟು ದೊಡ್ಡ ಕೆರೆ ಕಣ್ಣೆದುರಿಗಿದ್ದರೂ ಅಲ್ಲಮನಿಗೆ ಬೇಕಾದದ್ದು ಕಟ್ಟಿದವನ ಒಳಗಿನ ತಿಳಿವು. ಪ್ರಬಂಧ ಎಷ್ಟೇ ದಪ್ಪವಿರಲಿ, ಪರೀಕ್ಷಕ ಕೇಳಬೇಕಾದದ್ದೂ ಅದನ್ನೇ.

ಅಲ್ಲಿಂದ ಹೊರಟದ್ದು ಆ ವಿದ್ಯಾರ್ಥಿಯ ತಾಲ್ಲೂಕಾದ ಅಕ್ಕಲಕೋಟೆಗೆ, ಸೋಲಾಪುರದಿಂದ ನಲವತ್ತು ಕಿಲೋಮೀಟರಿನೊಳಗೆ. ಗುರುವಾರವಾದ್ದರಿಂದ ಊರು ತುಂಬಿತ್ತು. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರ, ಎದೆಯೆತ್ತರದ ಆಲದ ಬೇರುಗಳು, ಅನ್ನಛತ್ರದಲ್ಲಿ ಸಾವಿರಾರು ಜನರ ಪಂಕ್ತಿ. ನನ್ನ ಎಡಕ್ಕೆ ಕೂತವರು ಪುಣೆಯವರು, ಬಲಕ್ಕೆ ಆಳಂದದವರು. ಭೋಸಲೆ ಸಂಸ್ಥಾನದ ಶಸ್ತ್ರಾಗಾರವನ್ನೂ ನೋಡಿದೆ. ಕತ್ತಿ, ಬಂದೂಕು ಪ್ರಿಯರಿಗೆ ಅರ್ಧ ದಿನ ಬೇಕು.

ನನಗೆ ಬೇಕಾದದ್ದು ಊರಾಚೆಯ ಹಳ್ಳಿಗಳು. ತೋಳನೂರು, ನಾಗಣಸೂರು, ಕರಜಗಿ, ಮೈಂದರ್ಗಿ. ಹೆಸರು ಓದಿದರೇ ಕನ್ನಡ. ಇಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿವೆ. ಪಠ್ಯಪುಸ್ತಕದ ಮೂಲೆಯಲ್ಲಿ ಕ್ಯೂಆರ್ ಕೋಡು. ಆ ಕೋಡಿನ ಕಥೆಯೂ ಇದೇ ಜಿಲ್ಲೆಯದು. ಮಾಢಾ ತಾಲ್ಲೂಕಿನ ಪರಿತೇವಾಡಿಯ ಶಿಕ್ಷಕ ರಣಜಿತಸಿಂಹ ಡಿಸಲೆ 2020ರ ಡಿಸೆಂಬರಿನಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದು, ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಜನರಿಗೆ ಹಂಚಿದರು. ಅವರು ಕನ್ನಡ ಕಲಿತು ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮರುರೂಪಿಸಿ, ಹಾಡು, ಪಾಠ, ಕಥೆಗಳನ್ನು ಕೋಡಿನಲ್ಲಿ ಅಡಗಿಸಿದರೆಂದು ಪ್ರಶಸ್ತಿ ಕೊಟ್ಟವರ ಪ್ರಕಟಣೆ ಹೇಳಿತ್ತು. ಚಿಕ್ಕ ಶಾಲೆಯಿಂದ ಹೊರಟ ಉಪಾಯ ಆಮೇಲೆ ರಾಜ್ಯದ ಪಠ್ಯಪುಸ್ತಕಗಳಿಗೇ ಬಂತು.

ಒಂದು ಶಾಲೆಯ ಗುರುಗಳು ಪಾಠದ ಪ್ರಶ್ನೆಗಳನ್ನು ಯಂತ್ರದಿಂದ ತೆಗೆಸಿ ತಿದ್ದುತ್ತಿದ್ದರು. ‘ಹತ್ತರಾಗ ಆರು ಬರೋಬರ್ ಇರ್ತಾವ್ರೀ, ಎರಡು ಬೆಂಗಳೂರಿನ ಹುಡುಗೂರಿಗೆ, ಇನ್ನೆರಡು ಯಾರಿಗೂ ಅಲ್ಲ’ ಎಂದರು. ಒಬ್ಬ ಹುಡುಗಿ ಮೊಬೈಲಿಗೆ ಮಾತಾಡಿ ತೋರಿಸಿದಳು. ‘ನಮ್ಮವ್ವ ಹೊಲಕ್ಕ ಹೋಗ್ಯಾಳ, ಜ್ವಾಳದ ಸೀತನಿ ತರ್ತಾಳ’ ಎಂದದ್ದು ತೆರೆಯ ಮೇಲೆ ಬೇರೇನೋ ಆಗಿ ಮೂಡಿತು. ಮಕ್ಕಳು ಬಿದ್ದುಬಿದ್ದು ನಕ್ಕರು. ಯಂತ್ರಕ್ಕೆ ಇವರ ಕನ್ನಡ ಕೇಳಿಸಿಲ್ಲ. ಕೇಂದ್ರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಯಿತು, ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಇಪ್ಪತ್ತೆರಡು ಭಾಷೆಗಳಿಗೆ ಅನುವಾದ ಯಂತ್ರ ಮಾಡಿತು. ಅಕ್ಕಲಕೋಟೆಯ ಬಾಯಿಮಾತು ಅಲ್ಲಿಗೆ ಹೋಗಬೇಕಾದರೆ ಯಾರಾದರೂ ಇಲ್ಲಿಂದ ಒಯ್ಯಬೇಕು.

ನನ್ನ ಜೊತೆಗಾರ ಒಯ್ಯುತ್ತಿದ್ದಾನೆ. ಬೀಸುವ ಕಲ್ಲಿನ ಹಾಡು ಬಲ್ಲ ಮುದುಕಿಯರ ದನಿಯನ್ನು ಧ್ವನಿಮುದ್ರಿಸುತ್ತಾನೆ. ಮೊದಲು ಅವರಿಗೆ ತಿಳಿಸಿ ಹೇಳುತ್ತಾನೆ: ಇದು ಎಲ್ಲಿ ಇರುತ್ತದೆ, ಯಾರು ಕೇಳಬಹುದು, ಬೇಡವೆಂದರೆ ಅಳಿಸುತ್ತೇನೆ. ಒಬ್ಬಾಕೆ ಸೊಸೆಯನ್ನು ಬೈಯುವ ಹಾಡನ್ನು ಹಾಡಿ ಆಮೇಲೆ ‘ಇದನ್ನ ಮಾತ್ರ ತಗದಬಿಡಪ್ಪಾ’ ಎಂದಳಂತೆ. ತೆಗೆದ. ಉತ್ತಮ ಹಾಡಾಗಿತ್ತು ಎಂದು ಈಗಲೂ ಮರುಗುತ್ತಾನೆ, ಆದರೆ ತೆಗೆದ. ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ಶಿಕ್ಷಣ, ಸಂಶೋಧನೆಗಳಲ್ಲಿ ಈ ಯಂತ್ರಗಳ ಬಳಕೆಯ ಮಾರ್ಗಸೂಚಿ ಹೊರಡಿಸಿ ಖಾಸಗಿತನವನ್ನು ಕಾಪಾಡಿ ಎಂದು ಹೇಳಿದೆ. ಇವನು ಅದನ್ನು ಓದಿಲ್ಲ. ಅವ್ವನ ವಯಸ್ಸಿನವರ ಮುಂದೆ ಹೇಗೆ ಕೂರಬೇಕೆಂಬುದು ಅವನಿಗೆ ಗೊತ್ತಿತ್ತು.

ಧಾರವಾಡ, ವಿಜಯಪುರ, ಕಲಬುರಗಿ, ಸೋಲಾಪುರದ ವಿಶ್ವವಿದ್ಯಾಲಯಗಳವರಲ್ಲಿ ನನ್ನದೊಂದು ಕೋರಿಕೆ. ಯಂತ್ರದ ಬಗ್ಗೆ ಇನ್ನೊಂದು ವಿಚಾರ ಸಂಕಿರಣ ಮಾಡುವ ಮುಂಚೆ, ರಿತ್ತಿ ಮತ್ತು ಕುಂಭಾರರು ತೋರಿಸಿದ ಶಾಸನಗಳನ್ನು ಕೂಡಿ ಸ್ಕ್ಯಾನ್ ಮಾಡಿಸಿ, ಪ್ರತಿ ಪಾಠದ ಕೆಳಗೆ ಓದಿದವರ ಹೆಸರು ಹಾಕಿ, ಅನುಮಾನವಿದ್ದಲ್ಲಿ ಚುಕ್ಕೆ ಉಳಿಸಿ, ಎಲ್ಲರಿಗೂ ತೆರೆದಿಡಿ. ಯಂತ್ರ ಕಲಿಯುವುದಿದ್ದರೆ ಅದರಿಂದ ಕಲಿಯಲಿ. ಓದುಗರಲ್ಲಿಯೂ ಒಂದು ಮಾತು: ಆ ಕಡೆ ಹೋದಾಗ ಹೊಲದ ಬದುವಿನಲ್ಲಿ ಅಕ್ಷರದ ಕಲ್ಲು ಕಂಡರೆ ಎಣ್ಣೆ, ಸುಣ್ಣ ಹಚ್ಚಬೇಡಿ, ಹಚ್ಚಲು ಬಿಡಬೇಡಿ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ ಚೆನ್ನಾಗಿ ಕಾಣುತ್ತದೆ. ಆಗ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಊರು, ಹೊಲ, ದಿನಾಂಕ ಬರೆದು ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಕಳಿಸಿಕೊಡಿ.